ಬಿಸಿಲೆ ಕಣಿವೆಯಲ್ಲಿ ಸೆಸ್ನಾ: ಕೈಗೂ ರೆಕ್ಕೆಗೂ ನಡುವಿನ ಗೆರೆ

ಬಿಸಿಲೆಗೆ ವಿಮಾನ ಹೋಗುವುದಿಲ್ಲ. ಸಕಲೇಶಪುರದಿಂದ ದಕ್ಷಿಣಕ್ಕೆ ಕಾಫಿ, ಏಲಕ್ಕಿ ತೋಟಗಳ ನಡುವೆ ಹೊರಳುತ್ತ ಬರುವ ರಸ್ತೆ, ಅದು ಮುಗಿದಲ್ಲಿ ಮೀಸಲು ಅರಣ್ಯ, ಅಲ್ಲಿಂದ ಕುಕ್ಕೆ ಸುಬ್ರಹ್ಮಣ್ಯದ ಕಡೆ ಇಳಿಯುವ ಘಾಟಿ. ಊರಿಗಿರುವ ಸಂಪರ್ಕ ಅಷ್ಟೇ. ವ್ಯೂ ಪಾಯಿಂಟಿನಲ್ಲಿ ನಿಂತವರ ಎದುರಿಗೆ ಕಣಿವೆಯಾಚೆ 1712 ಮೀಟರ್ ಎತ್ತರದ ಕುಮಾರ ಪರ್ವತ, ಅದರ ಸುತ್ತ ಏಣಿಕಲ್ಲು ಬೆಟ್ಟ, ದೊಡ್ಡಬೆಟ್ಟ. ಈ ಮಲೆಗಳ ಒಂದು ಮಗ್ಗುಲಿಗೆ ಬಿದ್ದ ಮಳೆ ಹೇಮಾವತಿ, ಕಾವೇರಿಯ ದಾರಿ ಹಿಡಿದು ಬಂಗಾಳ ಕೊಲ್ಲಿಗೆ ಹೋದರೆ, ಇನ್ನೊಂದು ಮಗ್ಗುಲಿನದು ಕುಮಾರಧಾರಾ, ನೇತ್ರಾವತಿಯ ಮೂಲಕ ಅರಬ್ಬಿ ಸಮುದ್ರ ಸೇರುತ್ತದೆ.

ಕಂಪ್ಯೂಟರಿನ ಫ್ಲೈಟ್ ಸಿಮ್ಯುಲೇಟರಿನೊಳಗಿನ ಬಿಸಿಲೆಗೆ ಮಾತ್ರ ಯಾರು ಬೇಕಾದರೂ ಹಾರಿಹೋಗಬಹುದು. ಮೈಸೂರಿನ ಮಂಡಕಳ್ಳಿ ನಿಲ್ದಾಣದಿಂದ ಸೆಸ್ನಾ 172 ಎಂಬ ಪುಟ್ಟ ವಿಮಾನ ಎಬ್ಬಿಸಿ, ಕೃಷ್ಣರಾಜನಗರವನ್ನು ಬಲಕ್ಕೆ ಬಿಟ್ಟು, ಸೋಮವಾರಪೇಟೆಯ ಆಸುಪಾಸಿನಲ್ಲಿ ಸಾಗಿದರೆ ಹೆಚ್ಚುಕಡಿಮೆ 115 ಕಿಲೋಮೀಟರ್. ಗಂಟೆಗೆ 200 ಕಿ.ಮೀ. ವೇಗದಲ್ಲಿ ಮೂವತ್ತೈದು ನಿಮಿಷದ ದಾರಿ. ಮಂಗಳೂರು ಕಡೆಯಿಂದ ಬರುವುದಾದರೆ ಇನ್ನೂ ಹತ್ತಿರ, ಸುಮಾರು 90 ಕಿ.ಮೀ.

ಅಲ್ಲಿ ಕಾಣುವ ಬೆಟ್ಟಗಳೂ ಯಾರೋ ಕೂತು ಬಿಡಿಸಿದ ಚಿತ್ರಗಳಲ್ಲ. 2000ದ ಫೆಬ್ರುವರಿಯಲ್ಲಿ ಎಂಡೆವರ್ ಬಾಹ್ಯಾಕಾಶ ನೌಕೆ ಹನ್ನೊಂದು ದಿನ ಭೂಮಿಯನ್ನು ಸುತ್ತುತ್ತ ರೇಡಾರ್‌ನಿಂದ ಭೂಖಂಡಗಳ ಬಹುಪಾಲು ಎತ್ತರವನ್ನು ಅಳೆಯಿತು. ಫ್ಲೈಟ್‌ಗಿಯರ್‌ನಂಥ ಉಚಿತ ಸಿಮ್ಯುಲೇಟರುಗಳ ನೆಲ ಎದ್ದಿರುವುದು ಮುಖ್ಯವಾಗಿ ಈ ಅಳತೆಯ ಮೇಲೆ. ಇದರಲ್ಲೊಂದು ತಮಾಷೆಯಿದೆ. ಆ ರೇಡಾರಿನ ಅಲೆಯ ಉದ್ದ ಐದೂವರೆ ಸೆಂಟಿಮೀಟರ್ ಚಿಲ್ಲರೆ. ದಟ್ಟ ಕಾಡಿನ ಎಲೆಗೊಂಚಲನ್ನು ಪೂರ್ತಿ ತೂರಿಹೋಗಿ ನೆಲ ಮುಟ್ಟುವ ಶಕ್ತಿ ಅದಕ್ಕಿಲ್ಲ. ಹಾಗಾಗಿ ಬಿಸಿಲೆಯಂಥ ನಿತ್ಯಹಸಿರು ಕಾಡಿನಲ್ಲಿ ಅದು ಅಳೆದದ್ದು ಮಣ್ಣಿಗೂ ಮರದ ನೆತ್ತಿಗೂ ನಡುವಿನ ಯಾವುದೋ ಎತ್ತರವನ್ನು. ಸಿಮ್ಯುಲೇಟರ್ ಅದನ್ನೇ ನೆಲವೆಂದುಕೊಂಡು ಅದರ ಮೇಲೆ ಮತ್ತೊಂದು ಸಾಲು ಮರ ನೆಡುತ್ತದೆ. 2020ರ ಆಗಸ್ಟಿನಲ್ಲಿ ಹೊರಬಂದ ಮೈಕ್ರೋಸಾಫ್ಟ್ ಫ್ಲೈಟ್ ಸಿಮ್ಯುಲೇಟರಿನಲ್ಲಿ ಉಪಗ್ರಹ ಚಿತ್ರಗಳೂ ಸೇರಿಕೊಂಡು ಕಾಡು ಇನ್ನಷ್ಟು ದಟ್ಟವಾಯಿತು.

ಇಷ್ಟೆಲ್ಲ ಆದ ಮೇಲೆ ಆ ಕಣಿವೆಗೆ ಇಳಿದವನ ಪಾಡೇನು? ಮಂಡಕಳ್ಳಿಯಿಂದ ಹೊರಟಾಗ ಬಯಲಿನ ಮೇಲೆ ಎಲ್ಲ ಸಲೀಸಾಗಿತ್ತು. ಬೆಟ್ಟಗಳು ಎರಡೂ ಬದಿಗೆ ಒತ್ತರಿಸಿ ಬಂದ ಮೇಲೆ ವಿಮಾನದ ಮೂತಿ ಕುಣಿಯತೊಡಗುತ್ತದೆ. ಸ್ವಲ್ಪ ಎತ್ತೋಣ ಎಂದು ಸ್ಟಿಕ್ ಎಳೆದರೆ ಜಾಸ್ತಿಯೇ ಏಳುತ್ತದೆ, ಇಳಿಸೋಣ ಎಂದರೆ ಮೂತಿ ಕಾಡಿಗೆ ಗುರಿಯಿಡುತ್ತದೆ. ರೆಕ್ಕೆ ಎಡಕ್ಕೂ ಬಲಕ್ಕೂ ತೊನೆಯುತ್ತದೆ. ಆಡುವವರು ಮೊದಲು ಬೈಯುವುದು ವಿಮಾನವನ್ನು, ಆಮೇಲೆ ಕಂಪ್ಯೂಟರನ್ನು. ಎಷ್ಟೋ ಸಲ ತಪ್ಪಿರುವುದು ಬೇರೆ ಕಡೆ: ಜಾಯ್‌ಸ್ಟಿಕ್ ಎಷ್ಟು ವಾಲಿದರೆ ಮೂತಿಯನ್ನು ಏರಿಸಿ ಇಳಿಸುವ ಬಾಲದ ಹಲಗೆ, ಅಂದರೆ ಎಲಿವೇಟರ್, ಎಷ್ಟು ವಾಲಬೇಕು ಎಂದು ತೀರ್ಮಾನಿಸುವ ಒಂದು ಗೆರೆಯಲ್ಲಿ. ಸೆಟ್ಟಿಂಗ್ಸ್ ಪುಟದಲ್ಲಿ ಅದಕ್ಕೆ ಸೆನ್ಸಿಟಿವಿಟಿ, ಕರ್ವೇಚರ್, ರೆಸ್ಪಾನ್ಸ್ ಎಂದು ಬೇರೆ ಬೇರೆ ಹೆಸರು. ಬಳಸುವವರ ಬಾಯಲ್ಲಿ ಒಟ್ಟಾಗಿ ಕರ್ವ್.

ಜಾಯ್‌ಸ್ಟಿಕ್ಕಿನ ಒಳಗೆ ನಡೆಯುವುದು ಸರಳ. ಬುಡದಲ್ಲಿರುವ ಸಂವೇದಕ ಸ್ಟಿಕ್ಕಿನ ಓಲನ್ನು ಒಂದು ಸಂಖ್ಯೆಯಾಗಿ ಹೇಳುತ್ತದೆ. ಆ ಸಂಖ್ಯೆ ಸಿಮ್ಯುಲೇಟರಿಗೆ ಹೋಗುತ್ತದೆ. ಸಿಮ್ಯುಲೇಟರ್ ಅದನ್ನು ಇದ್ದ ಹಾಗೆ ಎಲಿವೇಟರಿಗೆ ದಾಟಿಸಿದರೆ, ಅಂದರೆ ಹತ್ತಕ್ಕೆ ಹತ್ತು, ಐವತ್ತಕ್ಕೆ ಐವತ್ತು, ಗೆರೆ ನೇರವಾಗಿರುತ್ತದೆ. ನಡುವೆ ಒಂದು ಲೆಕ್ಕ ತೂರಿಸಿದರೆ ಗೆರೆ ಬಾಗುತ್ತದೆ. ಹೆಚ್ಚು ಬಳಕೆಯಲ್ಲಿರುವ ಲೆಕ್ಕ ರೇಡಿಯೋ ನಿಯಂತ್ರಿತ ಮಾದರಿ ವಿಮಾನ ಹಾರಿಸುವವರಿಗೂ ಹಳೆಯ ಪರಿಚಯ. ಅವರು ಅದನ್ನು ಎಕ್ಸ್‌ಪೋ ಎನ್ನುತ್ತಾರೆ. ಸ್ಟಿಕ್ಕಿನ ಚಲನೆಯ ಒಂದು ಪಾಲನ್ನು ಹಾಗೆಯೇ ಬಿಟ್ಟು, ಉಳಿದ ಪಾಲಿನ ಬದಲು ಅದರ ಘನವನ್ನು, ಅಂದರೆ ಅದನ್ನು ಅದರಿಂದಲೇ ಎರಡು ಸಲ ಗುಣಿಸಿದ್ದನ್ನು, ಕೂಡಿಸುವುದು. ಒಂದಕ್ಕಿಂತ ಚಿಕ್ಕ ಸಂಖ್ಯೆಯ ಘನ ಇನ್ನೂ ಚಿಕ್ಕದು. ಒಂದರ ಘನ ಒಂದೇ. ಹಾಗಾಗಿ ತುದಿ ಅಲ್ಲಾಡದೆ ನಡುಭಾಗ ಮಾತ್ರ ಮೆತ್ತಗಾಗುತ್ತದೆ.

ಒಂದು ಉದಾಹರಣೆಯನ್ನು ಬಿಡಿಸಿ ನೋಡಬಹುದು. ಘನದ ಪಾಲು 60, ನೇರದ ಪಾಲು 40 ಎಂದಿಟ್ಟುಕೊಂಡರೆ, ಸ್ಟಿಕ್ಕನ್ನು ಶೇ. 10ರಷ್ಟು ಎಳೆದಾಗ ಎಲಿವೇಟರ್ ಓಲುವುದು ಶೇ. 4ರಷ್ಟು ಮಾತ್ರ. ಶೇ. 20 ಎಳೆದರೆ ಎಂಟೂವರೆ. ಅರ್ಧಕ್ಕೆ ಎಳೆದರೂ ಇಪ್ಪತ್ತೇಳೂವರೆ. ಶೇ. 80ಕ್ಕೆ ಬಂದಾಗ 63ರ ಹತ್ತಿರ. ಉಳಿದ ಶೇ. 20 ಚಲನೆಯಲ್ಲಿ ಬಾಕಿ 37ನ್ನೂ ಅದು ತೀರಿಸಬೇಕು. ನಡುವಿನಲ್ಲಿ ಕೈಯ ಚಲನೆ ನಾಲ್ಕು ಹತ್ತಾಂಶಕ್ಕೆ ಕುಗ್ಗಿದೆ; ತುದಿಯಲ್ಲಿ ಎರಡು ಪಟ್ಟಿಗಿಂತ ಹೆಚ್ಚು ಹಿಗ್ಗಿದೆ.

ಸೆಟ್ಟಿಂಗ್ಸ್ ಪುಟ ಈ ವ್ಯವಹಾರದ ಎರಡನೇ ಅರ್ಧವನ್ನು ಹೇಳುವುದಿಲ್ಲ. ಕರ್ವ್ ಯಾರಿಗೂ ಹೊಸದಾಗಿ ನಿಖರತೆಯನ್ನು ಕೊಡುವುದಿಲ್ಲ, ಇದ್ದದ್ದನ್ನು ಒಂದು ಜಾಗದಿಂದ ಇನ್ನೊಂದು ಜಾಗಕ್ಕೆ ಸಾಗಿಸುತ್ತದೆ. ನಡುವಿನಲ್ಲಿ ಸಿಕ್ಕ ಸೌಮ್ಯತೆಯ ಬೆಲೆಯನ್ನು ತುದಿಯಲ್ಲಿ ತೆರಬೇಕು. ಯಾರು ಎಷ್ಟೇ ಘನ ಬೆರೆಸಲಿ, ಹತ್ತು ಪಾಲೋ ತೊಂಬತ್ತು ಪಾಲೋ, ಈ ಬಗೆಯ ಎಲ್ಲ ಗೆರೆಗಳೂ ಒಂದೇ ಜಾಗದಲ್ಲಿ ನೇರ ಗೆರೆಯಷ್ಟೇ ಕಡಿದಾಗಿರುತ್ತವೆ: ಸ್ಟಿಕ್ಕಿನ ಓಟದ ಶೇ. 57.7ರಲ್ಲಿ. ಒಂದನ್ನು ಮೂರರ ವರ್ಗಮೂಲದಿಂದ ಭಾಗಿಸಿದರೆ ಬರುವ ಸಂಖ್ಯೆ ಅದು. ಅಲ್ಲಿಗಿಂತ ಒಳಗೆ ಲಾಭ, ಹೊರಗೆ ನಷ್ಟ. ಹಾಗಾಗಿ ಕರ್ವ್ ಕೂರಿಸುವವನು ಮೊದಲು ಗಮನಿಸಬೇಕಾದದ್ದು ತನ್ನ ಕೈ ಹೆಚ್ಚು ಹೊತ್ತು ಎಲ್ಲಿರುತ್ತದೆ ಎಂಬುದನ್ನು.

ಕೈ ಅವನು ಅಂದುಕೊಂಡ ಜಾಗದಲ್ಲಿ ಇರುವುದಿಲ್ಲ. ನಿಜವಾದ ಸೆಸ್ನಾದಲ್ಲಿ ಟ್ರಿಮ್ ಚಕ್ರವಿದೆ. ಅದನ್ನು ತಿರುಗಿಸಿದರೆ ಪೈಲಟ್ ಕೈಯಲ್ಲಿನ ಹಿಡಿಕೆ, ಅಂದರೆ ಯೋಕ್, ಯಾವ ಜಾಗದಲ್ಲಿ ಕೈಬಿಟ್ಟರೂ ನಿಲ್ಲಬೇಕೋ ಆ ಜಾಗವೇ ಬದಲಾಗುತ್ತದೆ. ಮೇಜಿನ ಮೇಲಿನ ಸ್ಟಿಕ್ಕಿನ ಸ್ಪ್ರಿಂಗಿಗೆ ಆ ಸುದ್ದಿ ತಲುಪುವುದಿಲ್ಲ. ಅದು ಯಾವಾಗಲೂ ಒಂದೇ ನಡುವಿಗೆ ಎಳೆಯುತ್ತದೆ. ಟ್ರಿಮ್ ಮಾಡದೆ ಹಾರಿಸುವವನು ಏರುವಾಗ ಸ್ಟಿಕ್ಕನ್ನು, ಉದಾಹರಣೆಗೆ, ಶೇ. 40ರಷ್ಟು ಹಿಂದಕ್ಕೆ ಹಿಡಿದೇ ಕೂತಿರುತ್ತಾನೆ. ಘನದ ಪಾಲು 60ರ ಗೆರೆಯಲ್ಲಿ ಅಲ್ಲಿನ ಕಡಿದು (ನೇರ ಗೆರೆಯದು 1) ಆಗಲೇ 0.69, ಶೇ. 70ಕ್ಕೆ ಹೋದರೆ 1.28. ನಡುವಿನಲ್ಲಿ ಕಷ್ಟಪಟ್ಟು ಮಾಡಿಟ್ಟ ಮೆತ್ತನೆಯ ಜಾಗ ಖಾಲಿ ಬಿದ್ದಿರುತ್ತದೆ. ಕರ್ವ್ ಬದಲಿಸಿ ಬದಲಿಸಿ ಸೋತವರಲ್ಲಿ ಎಷ್ಟೋ ಜನಕ್ಕೆ ಬೇಕಾದದ್ದು ಟ್ರಿಮ್ ಗುಂಡಿ ಎಂದು ಅನುಭವಿಗಳು ಹೇಳುವುದು ಸುಮ್ಮನೆ ಅಲ್ಲ.

ಮೇಜಿನ ಸ್ಟಿಕ್ಕಿಗೆ ಕರ್ವ್ ಏಕೆ ಬೇಕು, ಸೆಸ್ನಾಕ್ಕೆ ಏಕೆ ಬೇಡ? ಒಂದು ಕಾರಣ ಉದ್ದ. ಸೆಸ್ನಾದ ಯೋಕ್ ಹಿಂದಕ್ಕೂ ಮುಂದಕ್ಕೂ ಹೆಚ್ಚುಕಡಿಮೆ ಒಂದು ಗೇಣು ಸರಿಯುತ್ತದೆ. ಮೇಜಿನ ಸ್ಟಿಕ್ಕಿನ ತುದಿಗೆ ನಡುವಿನಿಂದ ಆಚೆ ಕೆಲವೇ ಸೆಂಟಿಮೀಟರ್ ಓಟ. ಗೇಮ್‌ಪ್ಯಾಡಿನ ಹೆಬ್ಬೆರಳು ಸ್ಟಿಕ್ಕಿಗಂತೂ ಒಂದೆರಡು ಸೆಂಟಿಮೀಟರೂ ಇಲ್ಲ. ಅದಕ್ಕೇ ಅದರಲ್ಲಿ ಆಡುವವರಿಗೆ ಎಲ್ಲರಿಗಿಂತ ಹೆಚ್ಚು ಬಾಗಿದ ಗೆರೆ ಬೇಕಾಗುತ್ತದೆ.

ಎರಡನೆಯ ಕಾರಣ ಇನ್ನೂ ಮುಖ್ಯ. ಸೆಸ್ನಾದ ಎಲಿವೇಟರಿಗೆ ಯೋಕಿನಿಂದ ನೇರವಾಗಿ ಉಕ್ಕಿನ ಹಗ್ಗ ಹೋಗುತ್ತದೆ. ಗಾಳಿ ಆ ಹಲಗೆಯನ್ನು ಒತ್ತುವ ಬಲ ಪೈಲಟ್‌ನ ಅಂಗೈಗೆ ವಾಪಸು ಬರುತ್ತದೆ. ಆ ಬಲ ವೇಗದ ವರ್ಗಕ್ಕೆ ಅನುಗುಣ: 60 ನಾಟ್‌ನಲ್ಲಿ ಇದ್ದುದು 120 ನಾಟ್‌ನಲ್ಲಿ ನಾಲ್ಕು ಪಟ್ಟು. ಎಲಿವೇಟರಿನ ಪ್ರಭಾವವೂ ಹಾಗೆಯೇ ನಾಲ್ಕು ಪಟ್ಟು ಏರುತ್ತದೆ. ಅಂದರೆ ಎಲಿವೇಟರ್ ಚುರುಕಾದಷ್ಟೂ ಯೋಕ್ ಗಟ್ಟಿಯಾಗುತ್ತದೆ. ಹೆಚ್ಚು ಎಳೆಯಬೇಡ ಎಂದು ವಿಮಾನವೇ ಕೈ ಹಿಡಿದು ತಡೆಯುತ್ತದೆ. ಮೇಜಿನ ಸ್ಪ್ರಿಂಗ್ ರನ್‌ವೇ ಮೇಲೆ ನಿಂತಾಗಲೂ 120 ನಾಟ್‌ನಲ್ಲೂ ಒಂದೇ ಬಿಗಿ. ಮೋಟಾರಿನಿಂದ ಸ್ಟಿಕ್ಕನ್ನು ತಳ್ಳುವ ಫೋರ್ಸ್ ಫೀಡ್‌ಬ್ಯಾಕ್ ಜಾಯ್‌ಸ್ಟಿಕ್ಕುಗಳು 1990ರ ದಶಕದಲ್ಲೇ ಬಂದಿದ್ದವು. ಮೈಕ್ರೋಸಾಫ್ಟಿನ ಸೈಡ್‌ವಿಂಡರ್ ಅವುಗಳಲ್ಲಿ ಹೆಸರಾದದ್ದು. ಬೆಲೆಯ ಕಾರಣಕ್ಕೋ ಏನೋ ಅವು ಮನೆಮನೆಗೆ ತಲುಪಲಿಲ್ಲ. ತಲುಪದೆ ಹೋದ ಆ ಬಲಕ್ಕೆ ಬದಲಿಯಾಗಿ ಕೂತಿರುವುದು ಕರ್ವ್. ಬದಲಿ ಎಂದ ಮೇಲೆ ಅದು ಅಸಲಿಯಷ್ಟು ಜಾಣ ಆಗಿರಲಾರದು: ವಿಮಾನದ ವೇಗ ಎಷ್ಟು ಎಂಬುದು ಅದಕ್ಕೆ ಗೊತ್ತೇ ಇಲ್ಲ.

ಇದು ಬರೀ ಆಟ ಆಡುವವರ ತಲೆನೋವು ಎಂದುಕೊಂಡರೆ ತಪ್ಪಾಗುತ್ತದೆ. ಉಕ್ಕಿನ ಹಗ್ಗ ಹೋಗಿ ವಿದ್ಯುತ್ ತಂತಿ ಬಂದ ದಿನದಿಂದ, ಅಂದರೆ ಫ್ಲೈ ಬೈ ವೈರ್ ವಿಮಾನಗಳು ಬಂದಾಗಿನಿಂದ, ನಿಜವಾದ ವಿಮಾನ ಕಟ್ಟುವವರೂ ಇದೇ ಗೆರೆಯನ್ನು ಎಳೆಯುತ್ತ ಕೂತಿದ್ದಾರೆ. ಗೆರೆ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ 1974ರ ಜನವರಿ 20ರ ಘಟನೆಯನ್ನು ಪರೀಕ್ಷಾ ಪೈಲಟ್‌ಗಳು ಇಂದಿಗೂ ನೆನೆಯುತ್ತಾರೆ. ಕ್ಯಾಲಿಫೋರ್ನಿಯಾದ ಎಡ್ವರ್ಡ್ಸ್ ವಾಯುನೆಲೆ. ಎಫ್-16ರ ಮೂಲ ಮಾದರಿ ವೈಎಫ್-16. ಅಂದು ಹಾರುವ ಯೋಜನೆಯೇ ಇರಲಿಲ್ಲ, ರನ್‌ವೇ ಮೇಲೆ ವೇಗವಾಗಿ ಓಡಿಸಿ ನಿಲ್ಲಿಸುವುದಷ್ಟೇ ಕೆಲಸ. ಪೈಲಟ್ ಫಿಲ್ ಓಸ್ಟ್ರಿಕರ್ ಬಲಗೈಯಲ್ಲಿ ಹಿಡಿದಿದ್ದ ಸ್ಟಿಕ್ ಸ್ವಲ್ಪವೂ ಅಲ್ಲಾಡುತ್ತಿರಲಿಲ್ಲ. ಕೈಯ ಒತ್ತಡವನ್ನಷ್ಟೇ ಅಳೆದು ಕಂಪ್ಯೂಟರಿಗೆ ತಿಳಿಸುತ್ತಿತ್ತು. ಆ ಒತ್ತಡಕ್ಕೆ ರೆಕ್ಕೆ ಎಷ್ಟು ವಾಲಬೇಕು ಎಂಬ ಗುಣಕ ವಿಪರೀತ ಹೆಚ್ಚಾಗಿತ್ತು. ಮೂತಿ ಎದ್ದ ಕೂಡಲೇ ವಿಮಾನ ಎಡಕ್ಕೆ ವಾಲಿತು, ತಿದ್ದಿದರೆ ಬಲಕ್ಕೆ, ಮತ್ತೆ ಎಡಕ್ಕೆ. ರೆಕ್ಕೆಯ ತುದಿ ನೆಲ ಕೆರೆಯಿತು, ಬಾಲದ ಹಲಗೆಗೂ ಪೆಟ್ಟಾಯಿತು. ರನ್‌ವೇ ಬಿಟ್ಟು ಪಕ್ಕಕ್ಕೆ ಹೊರಟಿದ್ದ ವಿಮಾನವನ್ನು ನಿಲ್ಲಿಸುವುದಕ್ಕಿಂತ ಹಾರಿಸುವುದೇ ಕ್ಷೇಮವೆಂದು ಓಸ್ಟ್ರಿಕರ್ ಮೇಲೇರಿದರು. ಆರು ನಿಮಿಷ ಸುತ್ತಿ ಇಳಿಸಿದರು. ಅಧಿಕೃತ ಮೊದಲ ಹಾರಾಟ ಎಂದು ದಾಖಲಾಗಿರುವುದು ಫೆಬ್ರುವರಿ 2. ಆಮೇಲೆ ಗುಣಕ ತಗ್ಗಿತು. ಅಲ್ಲಾಡದ ಸ್ಟಿಕ್ಕಿನ ಬಗ್ಗೆ ಪೈಲಟ್‌ಗಳು ಗೊಣಗಿದ್ದರಿಂದ ಮುಂದೆ ಅದಕ್ಕೆ ಆರು ಮಿಲಿಮೀಟರಿನಷ್ಟು ಚಲನೆಯನ್ನೂ ಕೊಟ್ಟರು. ಆ ಆರು ಮಿಲಿಮೀಟರ್ ವಿಮಾನಕ್ಕೆ ಬೇಕಿರಲಿಲ್ಲ, ಮನುಷ್ಯನ ಮಣಿಕಟ್ಟಿಗೆ ಬೇಕಿತ್ತು.

ಪೈಲಟ್ ತಿದ್ದುವ ಹೊತ್ತಿಗೆ ವಿಮಾನ ಆಚೆ ಹೋಗಿರುತ್ತದೆ, ಅದಕ್ಕೆ ಇನ್ನೊಂದು ತಿದ್ದುಪಡಿ, ಅದೂ ತಡ. ಕೈಯೂ ಯಂತ್ರವೂ ಒಂದನ್ನೊಂದು ಅಟ್ಟಿಸಿಕೊಂಡು ಹೋಗುವ ಈ ತೂಗಾಟಕ್ಕೆ ಕಾರಣ ಎರಡು, ಗುಣಕ ಮತ್ತು ವಿಳಂಬ. ಎರಡೂ ಹೆಚ್ಚಿದ್ದರೆ ಎಂಥ ನಿಪುಣನೂ ಸಿಕ್ಕಿಬೀಳುತ್ತಾನೆ. ಸ್ವೀಡನ್ನಿನ ಗ್ರಿಪೆನ್ 1989ರ ಫೆಬ್ರುವರಿಯಲ್ಲಿ ಇಳಿಯುವಾಗಲೂ, 1993ರ ಆಗಸ್ಟಿನಲ್ಲಿ ಸ್ಟಾಕ್‌ಹೋಮಿನ ಉತ್ಸವದ ಜನಸಂದಣಿಯ ಮೇಲೆ ಪ್ರದರ್ಶನ ಹಾರಾಟದಲ್ಲೂ ಹೀಗೇ ಬಿತ್ತು. ಎರಡರಲ್ಲೂ ಇದ್ದವರು ಒಬ್ಬರೇ ಪೈಲಟ್, ಲಾರ್ಸ್ ರಾಡೆಸ್ಟ್ರಮ್. ಎರಡರಿಂದಲೂ ಬದುಕಿ ಬಂದರು. ಅಮೆರಿಕದ ವೈಎಫ್-22 ಕೂಡ 1992ರ ಏಪ್ರಿಲಿನಲ್ಲಿ ರನ್‌ವೇಗೆ ಸಮೀಪ ಹಾರುತ್ತ ಮೇಲೆ ಕೆಳಗೆ ತೂಗಿ ಹೊಟ್ಟೆಯ ಮೇಲೆ ಕುಸಿಯಿತು.

ಬೆಂಗಳೂರಿನಲ್ಲಿ ಹಗುರ ಯುದ್ಧ ವಿಮಾನ ರೂಪುಗೊಳ್ಳುತ್ತಿದ್ದುದು ಈ ಸುದ್ದಿಗಳು ಬರುತ್ತಿದ್ದ ಕಾಲದಲ್ಲೇ. ಅದಕ್ಕೆಂದೇ 1984ರಲ್ಲಿ ಶುರುವಾದ ಏರೋನಾಟಿಕಲ್ ಡೆವಲಪ್‌ಮೆಂಟ್ ಏಜೆನ್ಸಿ ವಿಮಾನವನ್ನು ಬೇಕೆಂದೇ ಅಸ್ಥಿರವಾಗಿ ವಿನ್ಯಾಸ ಮಾಡಿತ್ತು. ಕಂಪ್ಯೂಟರಿನ ನೆರವಿಲ್ಲದೆ ಮನುಷ್ಯನ ಕೈ ಅದನ್ನು ಹದದಲ್ಲಿ ಹಿಡಿದಿಡಲಾರದು. ಸ್ಟಿಕ್ ಇಷ್ಟು ಎಳೆದರೆ ಯಾವ ವೇಗದಲ್ಲಿ, ಯಾವ ಎತ್ತರದಲ್ಲಿ ರೆಕ್ಕೆಯ ಹಲಗೆಗಳು ಎಷ್ಟು, ಎಷ್ಟು ಬೇಗ ಓಲಬೇಕು ಎಂಬ ಕಂಟ್ರೋಲ್ ಲಾ ಬರೆಯುವ ರಾಷ್ಟ್ರೀಯ ತಂಡ ನೆಲೆ ನಿಂತದ್ದು ನ್ಯಾಷನಲ್ ಏರೋಸ್ಪೇಸ್ ಲ್ಯಾಬೊರೇಟರೀಸ್‌ನಲ್ಲಿ. ಮೇಜಿನ ಕರ್ವ್‌ಗೆ ಗೊತ್ತಿಲ್ಲದ ವೇಗ ಈ ಲೆಕ್ಕಕ್ಕೆ ಕ್ಷಣಕ್ಷಣಕ್ಕೂ ಗೊತ್ತಿರುತ್ತದೆ. ಒಂದೇ ಗೆರೆಯ ಬದಲು ಗೆರೆಗಳ ದೊಡ್ಡ ಕಟ್ಟನ್ನೇ ಅದು ಇಟ್ಟುಕೊಂಡು, ಹಾರಾಟದ ಸ್ಥಿತಿಗೆ ತಕ್ಕಂತೆ ಒಂದರಿಂದ ಇನ್ನೊಂದಕ್ಕೆ ಸರಿಯುತ್ತ ಹೋಗುತ್ತದೆ. ವಿಮಾನ ಹಾರುವ ಮೊದಲೇ ವಾಯುಪಡೆಯ ಪರೀಕ್ಷಾ ಪೈಲಟ್‌ಗಳು ಬೆಂಗಳೂರಿನ ಸಿಮ್ಯುಲೇಟರುಗಳಲ್ಲಿ ಕೂತು ಇದನ್ನು ಉಜ್ಜಿ ನೋಡಿದರು. 1990ರ ದಶಕದ ನಡುವಿನಲ್ಲಿ ಅಮೆರಿಕದಲ್ಲಿ, ಬೇರೆ ವಿಮಾನಗಳ ವರ್ತನೆಯನ್ನು ಅನುಕರಿಸಬಲ್ಲ ಒಂದು ವಿಶೇಷ ಎಫ್-16ಕ್ಕೆ ನಮ್ಮ ನಿಯಮಗಳನ್ನು ತುಂಬಿ ಗಾಳಿಯಲ್ಲೂ ಪರೀಕ್ಷೆ ನಡೆಯಿತು. 1998ರ ಮೇ ತಿಂಗಳಲ್ಲಿ ಪೋಖ್ರಾನಿನಲ್ಲಿ ಅಣು ಸ್ಫೋಟ ನಡೆಯಿತು, ಅಮೆರಿಕದ ನಿರ್ಬಂಧ ಬಂತು, ಅಲ್ಲಿದ್ದ ನಮ್ಮ ಎಂಜಿನಿಯರುಗಳು ವಾಪಸಾದರು. ಉಳಿದ ಕೆಲಸ ಬೆಂಗಳೂರಿನಲ್ಲೇ ಮುಗಿಯಿತು. 2001ರ ಜನವರಿ 4ರಂದು ವಿಂಗ್ ಕಮಾಂಡರ್ ರಾಜೀವ್ ಕೋಥಿಯಾಲ್ ಎಚ್‌ಎಎಲ್ ರನ್‌ವೇಯಿಂದ ಮೊದಲ ಮಾದರಿಯನ್ನು ಎಬ್ಬಿಸಿ ಹದಿನೆಂಟು ನಿಮಿಷ ಹಾರಿಸಿದರು. ಎರಡು ವರ್ಷದ ನಂತರ ಅದಕ್ಕೆ ತೇಜಸ್ ಎಂದು ಹೆಸರಾಯಿತು. ಮೊದಲ ಹಾರಾಟದಲ್ಲಿ ಅದು ಗ್ರಿಪೆನ್ನಿನಂತೆ ತೂಗಲಿಲ್ಲ ಎಂಬುದನ್ನು ಪತ್ರಿಕೆಗಳು ಸುದ್ದಿ ಮಾಡಲಿಲ್ಲ. ಆ ತಂಡಕ್ಕೆ ಮಾತ್ರ ಅದೇ ಸುದ್ದಿ.

ಈ ವಿಳಂಬದ ಮಾತು ಮೇಜಿನ ಮೇಲಿನ ಬಿಸಿಲೆಗೂ ಸಲ್ಲುತ್ತದೆ. ಕಣ್ಣು ಕಂಡದ್ದಕ್ಕೆ ಕೈ ಸ್ಪಂದಿಸಲು ಹತ್ತಿರ ಹತ್ತಿರ ಸೆಕೆಂಡಿನ ಐದನೇ ಒಂದು ಭಾಗ ಬೇಕು. ಕಂಪ್ಯೂಟರ್ ಸೆಕೆಂಡಿಗೆ 60 ಚಿತ್ರ ಬಿಡಿಸುತ್ತಿದ್ದರೆ ಒಂದೊಂದಕ್ಕೂ 17 ಮಿಲಿಸೆಕೆಂಡ್. 20ಕ್ಕೆ ಇಳಿದರೆ 50. ಮಂಡಕಳ್ಳಿಯ ಬಯಲಿನಲ್ಲಿ ಸರಾಗವಾಗಿದ್ದ ಕಂಪ್ಯೂಟರ್ ಬಿಸಿಲೆ ಕಾಡಿನ ಮರಗಳನ್ನೆಲ್ಲ ಬಿಡಿಸುವಾಗ ಏದುಸಿರು ಬಿಡುತ್ತದೆ. ಎತ್ತಲೂ ಗುಡ್ಡ, ಸಮಯ ಕಡಿಮೆ, ಚಿತ್ರ ತಡ, ಕೈ ಬಿಗಿ. ಕರ್ವ್‌ನ ಹುಳುಕು ಬಯಲಿನಲ್ಲಿ ಕಾಣದೆ ಕಣಿವೆಯಲ್ಲಿ ಕಾಣುವುದು ಇದಕ್ಕೇ. ಕರ್ವ್ ಮುಟ್ಟುವ ಮುಂಚೆ ಮರಗಳ ದಟ್ಟಣೆಯನ್ನು ಒಂದು ಮೆಟ್ಟಿಲು ಇಳಿಸಿ ನೋಡುವುದು ಅಗ್ಗದ ಪರಿಹಾರ. ಕಾಡು ಕಡಿದಂತೆ ಅನಿಸಬಹುದು. ಇಲ್ಲಿ ಅದಕ್ಕೆ ಅರಣ್ಯ ಇಲಾಖೆಯ ತಕರಾರಿಲ್ಲ.

ಕರ್ವ್ ಪಕ್ಕದಲ್ಲೇ ಇರುವ ಡೆಡ್ ಝೋನ್ ಎಂಬ ಸೆಟ್ಟಿಂಗಿನ ವಿಷಯದಲ್ಲಿ ಹೆಚ್ಚು ಉದಾರತೆ ಬೇಡ. ಹಳೆಯ ಬಸ್ಸಿನ ಸ್ಟೇರಿಂಗಿನಲ್ಲಿ ಚಕ್ರ ತಿರುಗುವ ಮುಂಚೆ ಇರುವ ಆಟದಂತೆ, ಸ್ಟಿಕ್ಕಿನ ನಡುವಿನಲ್ಲಿ ಏನೂ ಆಗದ ಒಂದು ಪಟ್ಟಿ ಅದು. ಇಂಗಾಲದ ಪಟ್ಟಿಯ ಮೇಲೆ ಮುಳ್ಳು ಜಾರುವ ಪೊಟೆನ್ಷಿಯೋಮೀಟರ್ ಸವೆದಾಗ ಸಂಖ್ಯೆ ತಾನಾಗಿ ಜಿಗಿಯುತ್ತದೆ, ಅದನ್ನು ಅಡಗಿಸಲು ಈ ಪಟ್ಟಿ ಬೇಕು. ಆದರೆ ಎಡದಿಂದ ಬಲಕ್ಕೆ ತಿದ್ದುವಾಗಲೆಲ್ಲ ಕೈ ಅದನ್ನು ದಾಟಬೇಕು. ದಾಟುವ ಹೊತ್ತೂ ವಿಳಂಬವೇ. ಕಾಂತಕ್ಷೇತ್ರವನ್ನು ಅಳೆಯುವ ಹಾಲ್ ಸಂವೇದಕಗಳಲ್ಲಿ ಸವೆಯುವ ಭಾಗವೇ ಇಲ್ಲ. ಥ್ರಸ್ಟ್‌ಮಾಸ್ಟರ್ ಟಿ16000ಎಂನಂಥ ಸ್ಟಿಕ್ಕುಗಳಲ್ಲಿ ಇರುವುದು ಅದೇ. ಅವಕ್ಕೆ ಶೇ. 1 ಅಥವಾ 2ರ ಪಟ್ಟಿ ಧಾರಾಳವಾಯಿತು.

ಸಂವೇದಕ ಎಷ್ಟು ಮೆಟ್ಟಿಲುಗಳಲ್ಲಿ ಎಣಿಸುತ್ತದೆ ಎಂಬುದೂ ಲೆಕ್ಕಕ್ಕೆ ಬರುತ್ತದೆ. 8 ಬಿಟ್‌ನ ಸ್ಟಿಕ್ಕಿಗೆ ಒಟ್ಟು 256 ಮೆಟ್ಟಿಲು, ನಡುವಿನಿಂದ ಒಂದೊಂದು ಕಡೆಗೆ 128. ಘನದ ಪಾಲು 60ರ ಗೆರೆಯನ್ನು ಅದಕ್ಕೆ ತೊಡಿಸಿದರೆ ತುದಿಯ ಬಳಿ ಒಂದೊಂದು ಮೆಟ್ಟಿಲಿಗೂ ಎಲಿವೇಟರ್ ಶೇ. 1.7ರಷ್ಟು ನೆಗೆಯುತ್ತದೆ. 14 ಬಿಟ್‌ನದಕ್ಕೆ 16,384 ಮೆಟ್ಟಿಲು. ಅಲ್ಲಿ ಈ ನೆಗೆತ ಯಾರ ಗಮನಕ್ಕೂ ಬರುವುದಿಲ್ಲ. ಹಳೆಯ ಸ್ಟಿಕ್ಕಿನವರು ಗೆರೆಯನ್ನು ಕಡಿಮೆ ಬಾಗಿಸುವುದು ಲೇಸು.

ಇನ್ನು ಕಣಿವೆಯಲ್ಲಿ ತಿರುಗುವ ಪ್ರಶ್ನೆ. ಸೆಸ್ನಾ 90 ನಾಟ್ ವೇಗದಲ್ಲಿ 30 ಡಿಗ್ರಿ ವಾಲಿ ತಿರುಗಿದರೆ ಸುತ್ತಿನ ತ್ರಿಜ್ಯ 380 ಮೀಟರ್, ಅಂದರೆ ಬಂದ ದಾರಿಗೆ ವಾಪಸಾಗಲು 760 ಮೀಟರ್ ಅಗಲದ ಕಣಿವೆ ಬೇಕು. 45 ಡಿಗ್ರಿ ವಾಲಿದರೆ 440 ಮೀಟರ್ ಸಾಕು. ಆದರೆ ಆಗ ರೆಕ್ಕೆಗಳು ವಿಮಾನದ ತೂಕದ 1.41 ಪಟ್ಟು ಹೊರಬೇಕು, ರೆಕ್ಕೆ ಎತ್ತುವ ಬಲ ಕಳೆದುಕೊಳ್ಳುವ, ಅಂದರೆ ಸ್ಟಾಲ್ ಆಗುವ, ವೇಗ ಶೇ. 19ರಷ್ಟು ಏರುತ್ತದೆ. ಸ್ಟಿಕ್ಕನ್ನು ಚೆನ್ನಾಗಿಯೇ ಹಿಂದಕ್ಕೆ ಎಳೆದು ಹಿಡಿಯಬೇಕು. ತಿರುವಿನ ನಡುವೆ ಟ್ರಿಮ್ ಮುಟ್ಟುವವರು ಕಡಿಮೆ, ಹಾಗಾಗಿ ಕೈ ಗೆರೆಯ ಮೆತ್ತನೆಯ ಭಾಗವನ್ನು ಬಿಟ್ಟು ಹೊರಬಂದಿರುತ್ತದೆ. ಘನದ ಪಾಲು 60 ಇಟ್ಟವನು ನೇರ ಹಾರಾಟದಲ್ಲಿ ಹಿತವಾಗಿದ್ದು, ಕುಮಾರ ಪರ್ವತದ ಬುಡದಲ್ಲಿ ತಿರುಗುವಾಗ ಹೆಚ್ಚಾಗಿ ಎಳೆದು ಸ್ಟಾಲ್‌ಗೆ ಬೀಳುವುದು ಹೀಗೆ. ಗುಡ್ಡಗಾಡಿಗೆ ಎಲಿವೇಟರಿಗೆ 25ರಿಂದ 35ರ ಪಾಲು ಸಾಕೆನಿಸುತ್ತದೆ. ವಿಮಾನವನ್ನು ಎಡಬಲಕ್ಕೆ ವಾಲಿಸುವ ಐಲರಾನಿಗೂ ಅಷ್ಟೇ, ಇಲ್ಲವೇ ಇನ್ನೂ ಕಡಿಮೆ. ಸ್ಟಿಕ್ಕನ್ನೇ ತಿರುಚಿ, ಮೂತಿಯನ್ನು ಎಡಬಲಕ್ಕೆ ತಿರುಗಿಸುವ ರಡ್ಡರ್ ನಡೆಸುವವರು ಅದಕ್ಕೆ ಹೆಚ್ಚು ಬಾಗು ಕೊಡಬಹುದು, ಏಕೆಂದರೆ ಐಲರಾನಿಗೆಂದು ಕೈ ವಾಲಿಸುವಾಗ ಮಣಿಕಟ್ಟು ತನಗರಿವಿಲ್ಲದೆ ತಿರುಚುತ್ತದೆ. ಥ್ರಾಟಲ್‌ಗೆ ಬಾಗು ಬೇಡ.

ಎಲ್ಲ ಸಿಮ್ಯುಲೇಟರುಗಳೂ ಒಂದೇ ಸಂಖ್ಯೆಗೆ ಒಂದೇ ಗೆರೆ ಎಳೆಯುವುದಿಲ್ಲ. ಒಂದರ 30 ಇನ್ನೊಂದರ 30 ಆಗಿರಬೇಕಿಲ್ಲ. ಅದಕ್ಕೇ ಇನ್ನೊಬ್ಬರ ಸಂಖ್ಯೆಯನ್ನು ನಕಲು ಮಾಡುವುದಕ್ಕಿಂತ ಪರೀಕ್ಷಾ ಪೈಲಟ್‌ಗಳ ಕ್ರಮವನ್ನು ನಕಲು ಮಾಡುವುದು ಮೇಲು. 1969ರಲ್ಲಿ ಜಾರ್ಜ್ ಕೂಪರ್ ಮತ್ತು ರಾಬರ್ಟ್ ಹಾರ್ಪರ್ ರೂಪಿಸಿದ ಒಂದರಿಂದ ಹತ್ತರ ಅಳತೆಪಟ್ಟಿ ಇಂದಿಗೂ ಬಳಕೆಯಲ್ಲಿದೆ. ಅದರಲ್ಲಿ ವಿಮಾನ ಚೆನ್ನಾಗಿದೆಯೇ ಎಂದು ಯಾರೂ ಕೇಳುವುದಿಲ್ಲ. ಒಂದು ನಿರ್ದಿಷ್ಟ ಕೆಲಸ ಕೊಟ್ಟು, ಅದನ್ನು ಬೇಕಾದಷ್ಟು ನಿಖರವಾಗಿ ಮಾಡಲಾಯಿತೇ, ಅದಕ್ಕೆ ಎಷ್ಟು ಒದ್ದಾಡಬೇಕಾಯಿತು ಎಂದು ಕೇಳುತ್ತಾರೆ. ಮೇಜಿನ ಮುಂದೆಯೂ ಇದು ನಡೆಯುತ್ತದೆ: 45 ಡಿಗ್ರಿ ವಾಲಿ ಒಂದು ಪೂರ್ಣ ಸುತ್ತು, ಎತ್ತರ 30 ಮೀಟರಿಗಿಂತ ಹೆಚ್ಚು ಏರಬಾರದು, ಇಳಿಯಬಾರದು. ಗೆರೆಯನ್ನು ಒಂದು ಸಲಕ್ಕೆ ಹತ್ತು ಪಾಲಿಗಿಂತ ಹೆಚ್ಚು ಬದಲಿಸದೆ, ಅದೇ ಸುತ್ತನ್ನು ಅದೇ ವೇಗದಲ್ಲಿ ಮತ್ತೆ ಹಾಕಿ ನೋಡಬೇಕು. ಒಂದೊಂದು ಗೆರೆಗೂ ಕೈ ಹೊಂದಿಕೊಳ್ಳಲು ಒಂದಷ್ಟು ಹೊತ್ತು ಬೇಕು. ಐದೈದು ನಿಮಿಷಕ್ಕೆ ಬದಲಿಸುವವನ ಕೈ ಯಾವುದನ್ನೂ ಕಲಿಯುವುದಿಲ್ಲ.

ಹೆಲಿಕಾಪ್ಟರಿಗೆ ಬಂದಾಗ ಇಷ್ಟರಲ್ಲಿ ಬಹಳಷ್ಟನ್ನು ಬಿಟ್ಟುಬಿಡಬೇಕಾಗುತ್ತದೆ. ಬೆಂಗಳೂರಿನಲ್ಲೇ ಹುಟ್ಟಿ 1992ರಲ್ಲಿ ಮೊದಲು ಹಾರಿದ ಧ್ರುವ್‌ನಂಥ ಹೆಲಿಕಾಪ್ಟರ್ ನಿಂತಲ್ಲೇ ತೇಲುವಾಗ ಅದನ್ನು ಹಿಂದೆ ಮುಂದೆ, ಅಕ್ಕಪಕ್ಕ ವಾಲಿಸುವ ಸೈಕ್ಲಿಕ್ ಸ್ಟಿಕ್ ನಟ್ಟನಡುವೆ ಇರಬೇಕೆಂದಿಲ್ಲ. ಗಾಳಿ, ತೂಕ, ಬಾಲದ ರೋಟರಿನ ತಳ್ಳು, ಎಲ್ಲವೂ ಸೇರಿ ಅದನ್ನು ಒಂದು ಬದಿಗೆ ಸರಿಸಿರುತ್ತವೆ. ನಡುವನ್ನು ಮೆತ್ತಗೆ ಮಾಡಿದ ಗೆರೆಯಲ್ಲಿ ಆ ಬದಿಗೆ ಒಂದು ಕಡಿದು, ಈ ಬದಿಗೆ ಇನ್ನೊಂದು. ಒಂದೇ ಅಳತೆಯ ತಿದ್ದುಪಡಿಗೆ ಎರಡು ಬಗೆಯ ಉತ್ತರ. ಪೈಲಟ್‌ಗಳಿಗೆ ತರಬೇತಿ ಕೊಡಲು ಎಚ್‌ಎಎಲ್ ಮತ್ತು ಕೆನಡಾದ ಸಿಎಇ ಜೊತೆಯಾಗಿ ಬೆಂಗಳೂರಿನಲ್ಲಿ ಕಟ್ಟಿದ ಹ್ಯಾಟ್ಸಾಫ್ ಕೇಂದ್ರದ ಸಿಮ್ಯುಲೇಟರುಗಳಲ್ಲಿ ಸ್ಟಿಕ್ಕಿನ ಉದ್ದವೂ ಓಟವೂ ಬಿಗಿಯೂ ಅಸಲಿ ಹೆಲಿಕಾಪ್ಟರಿನದೇ. ಅಲ್ಲಿ ಮೇಜಿನ ಮೇಲಿನ ಈ ಹೊಂದಾಣಿಕೆಯ ಪ್ರಶ್ನೆಯೇ ಏಳುವುದಿಲ್ಲ. ಮನೆಯಲ್ಲಿ ಹಾರಿಸುವವರು ಹೆಲಿಕಾಪ್ಟರಿಗೆಂದು ಬೇರೆಯದೇ ಪ್ರೊಫೈಲ್ ಮಾಡಿಟ್ಟು ಅದರಲ್ಲಿ ಗೆರೆಯನ್ನು ಹೆಚ್ಚುಕಡಿಮೆ ನೇರವಾಗಿ ಬಿಡುತ್ತಾರೆ. ಕೆಲವರು ಸ್ಟಿಕ್ಕನ್ನು ಬಿಚ್ಚಿ ನಡುವಿಗೆಳೆಯುವ ಸ್ಪ್ರಿಂಗನ್ನೇ ತೆಗೆದು, ಬುಡಕ್ಕೆ ಒಂದು ಉದ್ದದ ಕೊಳವೆ ಜೋಡಿಸಿ, ಮೇಜಿನಿಂದ ಇಳಿಸಿ ಎರಡು ಮೊಣಕಾಲುಗಳ ನಡುವೆ ನಿಲ್ಲಿಸಿಕೊಳ್ಳುತ್ತಾರೆ.